ಕೆಂಪು ಜಾಕೀಟಿನ ಹಿಂದೆ

ನನ್ನ ಗಂಡನ ಮುಖಕ್ಕಿಂತ ಬೆನ್ನು ನನಗೆ ಚೆನ್ನಾಗಿ ಗೊತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದೆ. ಬಂದ ವಾರದಲ್ಲೇ ಇಬ್ಬರೂ ಬಜಾರಿಗೆ ಹೊರಟಾಗ ನಾನು ಅವರ ಪಕ್ಕಕ್ಕೆ ಹೋಗಿ ನಡೆದೆ. ಅವರು ಹೆಜ್ಜೆ ಜೋರು ಮಾಡಿದರು. ಬೇಗ ಹೋಗಬೇಕೇನೋ ಅಂದುಕೊಂಡು ನಾನೂ ಜೋರು ಮಾಡಿದೆ. ಅವರು ಇನ್ನೂ ಜೋರು ಮಾಡಿದರು. ಕಿರಾಣಿ ಅಂಗಡಿ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಸಂಜೆ ಅತ್ತೆ ಒಳಗೆ ಕರೆದು ಮೆಲ್ಲಗೆ ಹೇಳಿದರು.

“ಬಾಜೂಕ ನಡೀಬ್ಯಾಡವ್ವ, ಮಂದಿ ನಗ್ತಾರ. ಅವಾ ಎಲ್ಲಿ ಹೊಂಟಾನ ನೋಡ್ಕೋತ ಹಿಂದಿಂದ ಹೋಗು.”

ಅಂದಿನಿಂದ ನೋಡಿಕೊಳ್ಳುತ್ತ ಹೋದೆ. ನಮ್ಮ ಕಡೆ ಗಂಡಸರು ರಸ್ತೆಯಲ್ಲಿ ಹೆಂಡತಿಯನ್ನು ತಿರುಗಿ ನೋಡುವುದಿಲ್ಲ. ನೋಡಿದರೆ ಸಂಜೆಯೊಳಗೆ ಹೋಟೆಲಿನಲ್ಲಿ ಕೂತವರು ಚಹಾದ ಜೊತೆ ಅವನನ್ನೂ ಕುಡಿದುಬಿಡುತ್ತಾರೆ. ಹಾಗಾಗಿ ಅವರು ನೋಡಲಿಲ್ಲ, ನಾನು ನೋಡುತ್ತಲೇ ಇದ್ದೆ. ಎಡ ಹೆಗಲು ತುಸು ಇಳಿದದ್ದು, ಕುತ್ತಿಗೆಯ ಮಚ್ಚೆ, ಅಂಗಡಿಯಲ್ಲಿ ವ್ಯಾಪಾರ ಆಗದ ದಿನ ಬೆನ್ನು ಬಾಗುವ ರೀತಿ, ಸಿಟ್ಟು ಬಂದ ದಿನ ಅದು ಕಂಬದ ಹಾಗೆ ನೆಟ್ಟಗಾಗುವುದು, ಎಲ್ಲವೂ ನನಗೆ ಬಾಯಿಪಾಠ. ಸಂತೆಯ ದಿನ ಎಷ್ಟೇ ಜನ ಇದ್ದರೂ ನಾನು ಆ ಬೆನ್ನನ್ನು ಕಳೆದುಕೊಂಡವಳಲ್ಲ.

ನಮ್ಮದು ಸಿಮೆಂಟಿನ ಅಂಗಡಿ. ಎರಡು ಸಾವಿರ ಇಸವಿ ದಾಟಿದ ಮೇಲೆ ಹೆದ್ದಾರಿಯ ಆಜುಬಾಜು ಮನೆ, ಮಳಿಗೆಗಳು ಏಳತೊಡಗಿ ಮಾಲು ಜೋರಾಗಿ ಹೋಯಿತು. ಹಾಗೆ ಹೆಚ್ಚು ಮಾರಿದ ಅಂಗಡಿಯವರನ್ನೆಲ್ಲ ಕಂಪನಿಯವರು ಹೆಂಡತಿ ಸಮೇತ ನಾಲ್ಕು ದಿನ ಯುರೋಪಿಗೆ ಕರೆದೊಯ್ದರು. ಪ್ರಾಗ್ ಎಂಬ ಊರು. ನನಗೆ ಹೋಗುವ ಮನಸ್ಸೇನೂ ಇರಲಿಲ್ಲ. ಹೈದರಾಬಾದಿಗೆ ಹೋದರೇ ತಲೆ ತಿರುಗುವ ಹೆಂಗಸು ನಾನು. ಆದರೆ ಬೀದರ ಜಿಲ್ಲೆಯಿಂದ ನಾವಿಬ್ಬರೇ ಎಂದು ಮನೆಯವರು ಹಿರಿಹಿರಿ ಹಿಗ್ಗಿದ್ದರು. ಕಂಪನಿಯವರು ಗಂಡಸರಿಗೆಲ್ಲ ಕೆಂಪು ಜಾಕೀಟು ಕೊಟ್ಟರು, ಹತ್ತಿ ತುಂಬಿದ ದಪ್ಪನೆಯದು. ಹೆಂಗಸರಿಗೆ ಕೊಡೆ ಕೊಟ್ಟರು. ಚಳಿ ಗಂಡಸರಿಗಷ್ಟೇ ಎಂದು ಅವರಿಗೆ ಯಾರು ಹೇಳಿದರೋ.

ಕಡೆಯ ದಿನ ಸಾಮಾನೆಲ್ಲ ಬಸ್ಸಿಗೆ ಹಾಕಿ, ದಿನವೆಲ್ಲ ಕಾಲ್ನಡಿಗೆಯಲ್ಲಿ ಊರು ನೋಡುವುದೆಂದು ಗೊತ್ತಾಗಿತ್ತು. ನಮ್ಮನ್ನು ಕರೆದುಕೊಂಡು ಬಂದವನು ಪುಣೆಯ ಕಡೆಯವನು, ಹಿಂದಿಯಲ್ಲಿ ಎಲ್ಲರನ್ನೂ ಹೆದರಿಸುತ್ತಲೇ ಇದ್ದ. ಸಂಜೆ ಆರಕ್ಕೆ ಬಸ್ಸು ವಿಮಾನದ ಕಡೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ, ವೀಸಾ ಇವತ್ತಿಗೆ ಮುಗಿಯುತ್ತದೆ, ಉಳಿದವರು ಪೊಲೀಸರ ಪಾಲು. ನನ್ನ ಪಾಸ್‌ಪೋರ್ಟು, ಹೋಟೆಲಿನ ಚೀಟಿ, ಫೋನು, ದುಡ್ಡು ಎಲ್ಲ ಮನೆಯವರ ಸೊಂಟದ ಚೀಲದಲ್ಲಿದ್ದವು. ನನ್ನ ಹತ್ತಿರ ಕೊಡೆ ಇತ್ತು.

ಬೆಳಗಿನಿಂದ ನಡೆದೆವು. ಸೇತುವೆ, ಗುಡಿ, ಅರಮನೆ ಎಂದು ಪುಣೆಯವನು ಹೇಳುತ್ತ ಹೋದ. ಉಳಿದ ಹೆಂಗಸರು ಗಂಡಂದಿರ ತೋಳು ಹಿಡಿದು ಫೋಟೋ ತೆಗೆಸಿಕೊಂಡರು. ನಮ್ಮವರು ಹುಮನಾಬಾದಿನ ಬಜಾರಿನಲ್ಲಿ ಹೋಗುವ ಹಾಗೆಯೇ ಮುಂದೆ ಹೋದರು. ನಾನು ಸಾಕ್ಸಿನ ಮೇಲೆ ಚಪ್ಪಲಿ ಹಾಕಿಕೊಂಡು, ಕಲ್ಲಿನ ಮೇಲೆ ಜಾರದ ಹಾಗೆ ಒಂದು ಕಣ್ಣು ನೆಲದ ಮೇಲೆ, ಒಂದು ಕಣ್ಣು ಕೆಂಪು ಬೆನ್ನಿನ ಮೇಲೆ ಇಟ್ಟು ಹೋದೆ.

ಹೊತ್ತು ಇಳಿಯುವಾಗ ಒಂದು ದೊಡ್ಡ ಚೌಕಕ್ಕೆ ಬಂದೆವು. ಅಲ್ಲೊಂದು ಹಳೆಯ ಗಡಿಯಾರ. ಗಂಟೆಗೊಮ್ಮೆ ಅದರ ಕಿಟಕಿ ತೆರೆದು ಬೊಂಬೆಗಳು ಸಾಲಾಗಿ ಹಾದುಹೋಗುತ್ತವೆ, ಎಲುಬಿನ ಬೊಂಬೆಯೊಂದು ಗಂಟೆ ಬಾರಿಸುತ್ತದೆ, ಕಡೆಗೆ ಹುಂಜ ಕೂಗುತ್ತದೆ. ಆ ಊರಿನಲ್ಲಿ ನಾನು ತಲೆಯೆತ್ತಿ ನೋಡಿದ್ದು ಅದೊಂದೇ. ಹುಂಜ ಕೂಗಿದ್ದೇ ತಡ, ಜಾತ್ರೆಯಷ್ಟು ಜನ ಒಮ್ಮೆಲೇ ಚೆದುರಿದರು. ತಲೆ ಇಳಿಸಿದಾಗ ಕೆಂಪು ಜಾಕೀಟು ಒಂದು ಸಂದಿಯ ಕಡೆ ಹೊರಟಿತ್ತು. ಕುತ್ತಿಗೆ ಮುಚ್ಚಿದ ಟೊಪ್ಪಿಗೆ, ಅದೇ ಅಗಲದ ಬೆನ್ನು, ಅದೇ ನಡಿಗೆ. ನಾನು ಬೆನ್ನು ಹತ್ತಿದೆ.

ಸಂದಿಯಿಂದ ಸಂದಿಗೆ ಹೋಯಿತು ಆ ಬೆನ್ನು. ಒಂದು ಕಡೆ ನೀರು ಹೋಗುವ ಕಬ್ಬಿಣದ ಜಾಲರಿಯಲ್ಲಿ ನನ್ನ ಚಪ್ಪಲಿಯ ತುದಿ ಸಿಕ್ಕಿಕೊಂಡಿತು.

“ಏನ್ರಿ, ತುಸು ನಿಂದರ್ರಿ” ಎಂದು ಕೂಗಿದೆ.

ನಿಲ್ಲಲಿಲ್ಲ, ತಿರುಗಲೂ ಇಲ್ಲ. ಇವರೇ ಎಂದು ನನಗೆ ಖಾತ್ರಿಯಾದದ್ದು ಅದರಿಂದಲೇ. ಬೈದುಕೊಳ್ಳುತ್ತ ಚಪ್ಪಲಿ ಬಿಡಿಸಿಕೊಂಡು ಓಡಿದೆ. ಟ್ರಾಮಿನ ಹಳಿ ದಾಟಿದೆವು. ಅಂಗಡಿಗಳು ಮುಗಿದು ಮನೆಗಳು ಬಂದವು. ಜೊತೆಗಿದ್ದವರು ಯಾರೂ ಕಾಣುತ್ತಿಲ್ಲವಲ್ಲ ಎಂದು ಅನ್ನಿಸಿತು. ಅನ್ನಿಸಿದರೂ ಕೇಳುವವರು ಯಾರು, ಅವರಿಗೆ ದಾರಿ ಗೊತ್ತಿರುತ್ತದೆ ಎಂದು ಸುಮ್ಮನಾದೆ. ಕೆಂಪು ಜಾಕೀಟು ಒಂದು ಬಾಗಿಲ ಮುಂದೆ ನಿಂತು ಜೇಬಿನಿಂದ ಬೀಗದ ಕೈ ತೆಗೆಯಿತು. ಇವರಿಗೆ ಇಲ್ಲಿ ಯಾವ ಮನೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅದು ತಿರುಗಿತು. ಬಿಳಿಯ ಹುಬ್ಬು, ಬೂದು ಕಣ್ಣು, ಎಪ್ಪತ್ತು ದಾಟಿದ ಮುದುಕ. ಅವನ ಜಾಕೀಟಿನ ಕೆಂಪು ಕೂಡ ನಮ್ಮವರದ್ದರಷ್ಟು ಗಾಢವಲ್ಲ. ಎಡ ಹೆಗಲು ಇಳಿದಿದೆಯೋ ಇಲ್ಲವೋ ತಿಳಿಯದ ಹಾಗೆ ಜಾಕೀಟಿನ ಹತ್ತಿ ಮುಚ್ಚಿಬಿಟ್ಟಿತ್ತು.

ಮುದುಕ ಏನೋ ಕೇಳಿದ. ಮೃದುವಾಗಿಯೇ ಕೇಳಿದ. ಅವನು ಒಂದು ಹೆಜ್ಜೆ ಮುಂದೆ ಬಂದ, ನಾನು ಕೊಡೆ ಎದೆಗೆ ಅವಚಿಕೊಂಡು ಓಡಿದೆ.

ಓಡಿ ಒಂದು ಮೂಲೆಯಲ್ಲಿ ನಿಂತು ಸುತ್ತ ನೋಡಿದಾಗ ನಿಜವಾದ ಭಯ ಹುಟ್ಟಿತು. ಬೇರೆಯವರು ನನ್ನ ಹಾಗೆ ದಾರಿ ತಪ್ಪಿದರೆ ನೋಡಿದ ಗುರುತು ಹಿಡಿದು ಹಿಂದಕ್ಕೆ ಹೋಗುತ್ತಾರೆ. ನಾನು ಗುರುತು ನೋಡಿದ್ದರಲ್ಲವೇ. ದಿನವೆಲ್ಲ ಆ ಊರಿನಲ್ಲಿ ನಡೆದವಳಿಗೆ ಒಂದು ಗೋಪುರ, ಒಂದು ಬಾಗಿಲು, ಒಂದು ಅಂಗಡಿ ನೆನಪಿಲ್ಲ. ನಾನು ನೋಡಿದ್ದು ಬೆನ್ನನ್ನು. ಆ ಬೆನ್ನು ಮುದುಕನದ್ದು, ಈಗ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದೆ.

ಎದುರಿಗೆ ಬಂದ ಹೆಂಗಸಿಗೆ “ಕ್ಲಾಕ್, ಕ್ಲಾಕ್” ಎಂದೆ. ಅವಳು ಪಾಪ ತನ್ನ ಕೈಗಡಿಯಾರ ತೋರಿಸಿದಳು. ಐದೂಕಾಲು ದಾಟಿತ್ತು. ಧನ್ಯವಾದ ಎನ್ನುವ ಹಾಗೆ ತಲೆಯಾಡಿಸಿ ಗೋಡೆಗೆ ಒರಗಿದೆ. ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತೆ. ಇಲ್ಲಿ ಉಳಿದರೆ ನನ್ನ ಭಾಷೆ ಯಾರಿಗೆ ಬರುತ್ತದೆ, ನಾನು ಇಂಥ ಊರಿನವಳೆಂದು ಹೇಳಿದರೆ ಹುಮನಾಬಾದ ಯಾರಿಗೆ ಗೊತ್ತು. ಸತ್ತರೂ ಹೆಣ ಯಾರದೆಂದು ತಿಳಿಯುವುದಿಲ್ಲ ಎನ್ನುವಲ್ಲಿಗೆ ಹೋಗಿತ್ತು ನನ್ನ ಯೋಚನೆ. ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತೆ.

ತಲೆ ತಗ್ಗಿಸಿದಾಗ ನೆಲ ಕಂಡಿತು. ಕಪ್ಪು ಬಿಳಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಚೌಕುಳಿ ಚೌಕುಳಿಯಾಗಿ ಕೂಡಿಸಿದ್ದರು, ಬಟ್ಟೆಯ ತುಂಡು ಹೊಲಿದ ನಮ್ಮ ಕೌದಿಯ ಹಾಗೆ. ಇದನ್ನು ನಾನು ನೋಡಿದ್ದೆ. ಟ್ರಾಮಿನ ಹಳಿ ದಾಟಿದ ಮೇಲೆ ಶುರುವಾದದ್ದು ಇದೇ. ಬೆನ್ನಿನ ಜೊತೆ ಇನ್ನೊಂದು ಕಣ್ಣು ನೆಲದ ಮೇಲೂ ಇತ್ತಲ್ಲ ಎಂದು ಆಗ ಹೊಳೆಯಿತು.

ಆಮೇಲೆ ನಾನು ತಲೆ ಎತ್ತಲೇ ಇಲ್ಲ. ಎತ್ತಿದರೆ ಗಾಬರಿಯಾಗುತ್ತಿತ್ತು. ಕೌದಿಯ ಕಲ್ಲು ಹಿಡಿದು ಹಳಿಯ ತನಕ ಬಂದೆ. ಹಳಿಯ ಆಚೆ ಎರಡು ದಾರಿ ಇದ್ದವು. ಒಂದರಲ್ಲಿ ಸಪಾಟು ಹಾಸುಗಲ್ಲು, ಇನ್ನೊಂದರಲ್ಲಿ ರೊಟ್ಟಿಯ ಹಾಗೆ ಉಬ್ಬಿದ ಗುಂಡುಗಲ್ಲು. ಬರುವಾಗ ಗುಂಡುಗಲ್ಲಿನ ಮೇಲೆ ನನ್ನ ಪಾದಗಳು ನೊಂದಿದ್ದವು, ಆ ದಾರಿಗೆ ತಿರುಗಿದೆ. ಯಾರಿಗೋ ಡಿಕ್ಕಿ ಹೊಡೆದೆ, ಯಾರೋ ಗೊಣಗಿದರು. ಒಮ್ಮೆ ತಪ್ಪಿದೆ. ಕಲ್ಲು ಬೇರೆಯಾಗಿ ಕಂಡಿತು, ಬಂದ ದಾರಿಗೇ ಹಿಂದಿರುಗಿದೆ. ದೀಪಗಳು ಹೊತ್ತಿಕೊಳ್ಳತೊಡಗಿದ್ದವು. ಕಡೆಗೂ ಚಪ್ಪಲಿ ಸಿಕ್ಕಿಕೊಂಡಿದ್ದ ಜಾಲರಿ ಕಣ್ಣಿಗೆ ಬಿತ್ತು. ಅದರ ಒಂದು ಸರಳು ಮುರಿದಿತ್ತು, ಅದೇ. ಯಾವ ದೇವರಿಗೂ ನಾನು ಅಷ್ಟು ಪ್ರೀತಿಯಿಂದ ಕೈ ಮುಗಿದಿಲ್ಲ.

ಜಾಲರಿಯಿಂದ ಚೌಕ ದೂರವಿರಲಿಲ್ಲ. ಗಡಿಯಾರದ ಕೆಳಗೆ ಪುಣೆಯವನು ನಿಂತಿದ್ದ, ಜೊತೆಗೊಬ್ಬ ಪೊಲೀಸು. ಅವರ ಎದುರಿಗೆ ಒಂದು ಕೆಂಪು ಬೆನ್ನು ನನ್ನ ಕಡೆ ತಿರುಗಿ ನಿಂತಿತ್ತು. ಈ ಸಲ ಮೋಸ ಹೋಗಬಾರದೆಂದು ಹತ್ತಿರ ಹೋಗಿ ಕುತ್ತಿಗೆಯ ಮಚ್ಚೆ ನೋಡಿದೆ. ಇತ್ತು. ಕೈ ಚಾಚಿದರೆ ಮುಟ್ಟಬಹುದಿತ್ತು. ಪೊಲೀಸು ಕೇಳಿದ್ದನ್ನು ಪುಣೆಯವನು ಹಿಂದಿಯಲ್ಲಿ ಹೇಳುತ್ತಿದ್ದ. ಸೀರೆ ಯಾವ ಬಣ್ಣದ್ದು?



“ಹಸರ ಇತ್ತು” ಎಂದರು ಮನೆಯವರು. ಸ್ವಲ್ಪ ತಡೆದು, “ಇಲ್ಲಾಂದ್ರ ನೀಲಿ” ಎಂದರು. ಆಮೇಲೆ ತಾವೇ ತಲೆ ಹಿಡಿದುಕೊಂಡರು.

ನಾನು ಉಟ್ಟದ್ದು ಬದನೆಕಾಯಿ ಬಣ್ಣದ್ದು. ಹಿಂದಿನ ದೀಪಾವಳಿಗೆ ಅವರೇ ತಂದದ್ದು. ಮುಟ್ಟಲು ಚಾಚಿದ್ದ ಕೈ ಹಿಂದಕ್ಕೆ ಬಂತು. ಅವರಾಗಿಯೇ ತಿರುಗಲಿ ಎಂದು ನಿಂತೆ. ಬಸ್ಸು ಹೋದರೂ ಹೋಗಲಿ ಅನ್ನಿಸಿಬಿಟ್ಟಿತ್ತು. ಅವರು ತಿರುಗಲಿಲ್ಲ. ಪುಣೆಯವನು ಅವರ ಹೆಗಲ ಮೇಲಿಂದ ನನ್ನನ್ನು ನೋಡಿ ಬೆರಳು ತೋರಿಸಿದ.

ಆಗ ತಿರುಗಿದರು. ಮುಖ ಸುಣ್ಣದಂತಾಗಿತ್ತು. ಅಷ್ಟು ಜನರ ಮುಂದೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು.

“ನೀ ಹಿಂದ ಬರಾಕತ್ತಿ ಅಂತ ತಿಳ್ಕೊಂಡಿದ್ದೆ. ಖರೇನ, ಹಿಂದೇ ಇದ್ದಿ ಅಂತ ತಿಳ್ಕೊಂಡಿದ್ದೆ. ಇನ್ನ ಮ್ಯಾಗ ಬಾಜೂಕ ನಡಿ.”

ಬಸ್ಸು ಸಿಕ್ಕಿತು. ವಿಮಾನ ಹತ್ತುವ ತನಕ ಅವರು ನನ್ನ ಸೆರಗಿನ ತುದಿ ಬಿಡಲಿಲ್ಲ. ಅವರು ಅತ್ತದ್ದು ಸುಳ್ಳಲ್ಲ, ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಊರಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಒಂದು ಸಂಜೆ ಬಜಾರಿಗೆ ಹೊರಟೆವು. ಹೊಸ್ತಿಲು ದಾಟಿದವರೇ ಅವರು ಮುಂದೆ, ನಾನು ಹಿಂದೆ. ಬಾಜೂಕ ನಡಿ ಎಂದ ಮಾತು ಆ ಚೌಕದಲ್ಲೇ ಉಳಿದಿತ್ತು. ಬಸ್ ನಿಲ್ದಾಣದ ಹತ್ತಿರದ ಕ್ರಾಸಿನಲ್ಲಿ ನಾನು ನಿಂತೆ. ಬೇಕೆಂದೇ ನಿಂತೆ. ಬೆನ್ನು ಹಣ್ಣಿನ ಬಂಡಿ ದಾಟಿತು, ಸೈಕಲ್ ಅಂಗಡಿ ದಾಟಿತು. ತಿರುಗಿ ನೋಡ್ರಿ, ಒಂದು ಸಲ ನೋಡ್ರಿ ಎಂದು ನಾನು ಬಾಯೊಳಗೇ ಬೇಡಿಕೊಂಡೆ. ಆ ಪರದೇಶದಲ್ಲಿ ಕೂಡ ನಾನು ಹಾಗೆ ಬೇಡಿಕೊಂಡಿರಲಿಲ್ಲ. ಬೆನ್ನು ಮೂಲೆಯಲ್ಲಿ ತಿರುಗಿ ಮರೆಯಾಯಿತು. ಇಷ್ಟು ವರ್ಷ ಬಾಳಿದ ಊರು, ಪ್ರತಿಯೊಬ್ಬರೂ ಗುರುತಿನವರು, ಆದರೂ ಅಲ್ಲಿ ನಿಂತು ನಾನು ಇನ್ನು ಯಾರಿಗೂ ಸಿಗುವುದಿಲ್ಲ ಅನ್ನಿಸಿತು. ಬಸ್ಸುಗಳು ಹಾರನ್ ಹೊಡೆದ ಮೇಲೆ ಬದಿಗೆ ಸರಿದೆ.

ಒಬ್ಬಳೇ ಮನೆಗೆ ಬಂದೆ. ತಡವಾಗಿ ಅವರೂ ಬಂದರು, ತರಕಾರಿ ಚೀಲ ಹಿಡಿದುಕೊಂಡು.

“ಎಲ್ಲಿ ಉಳದಿ? ಹಿಂದ ಬರಾಕತ್ತಿ ಅಂತ ತಿಳ್ಕೊಂಡಿದ್ದೆ.”

ಅದೇ ಮಾತು, ಈ ಸಲ ಕಣ್ಣೀರಿಲ್ಲದೆ. ನನಗೆ ಉರಿದು ಹೋಯಿತು.

“ಇನ್ನ ಮ್ಯಾಗ ನಾ ಮುಂದ ನಡೀತೀನಿ” ಎಂದೆ.

ಅವರು ನಕ್ಕು ಕಾಲು ತೊಳೆಯಲು ಹೋದರು.

ಅದೇ ತಿಂಗಳು ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಬಸವಕಲ್ಯಾಣಕ್ಕೆ ಹೋದೆವು. ಬಸ್ಸಿನಿಂದ ನಾನು ಮೊದಲು ಇಳಿದೆ, ಇಳಿದವಳು ಕಾಯಲಿಲ್ಲ. ಹೆಂಡತಿಯ ಊರಿನಲ್ಲಿ ಅಳಿಯ ರಸ್ತೆಯ ಮೇಲೆ ಜಗಳ ತೆಗೆಯುವ ಹಾಗಿಲ್ಲ. ಚೀಲ ಹಿಡಿದು ಹಿಂದೆ ಬಂದರು. ಕೋಟೆಯ ಕಡೆಗೆ ಹೋಗುವ ದಾರಿ. ಮುಂದೆ ಬೆನ್ನಿಲ್ಲದ ದಾರಿಯನ್ನು ಮದುವೆಯಾದ ಮೇಲೆ ನಾನು ಅಂದೇ ನೋಡಿದ್ದು. ಕೋಟೆಯ ಕಲ್ಲುಗಳು ಎಷ್ಟು ದೊಡ್ಡವು, ಸಂದಿಯಲ್ಲಿ ಅರಳಿಯ ಗಿಡ ಹುಟ್ಟಿದ್ದು, ಬುರುಜಿನ ಮೇಲೆ ಗಿಳಿಗಳು ಕೂತದ್ದು. ಚಿಕ್ಕವಳಿದ್ದಾಗ ಆಡಿದ ಜಾಗವನ್ನು ಪರದೇಶದವಳ ಹಾಗೆ ತಲೆಯೆತ್ತಿ ನೋಡುತ್ತ ನಡೆದೆ. ಖುಷಿಯಾಗಬೇಕಿತ್ತು. ಆದರೆ ಕಿವಿಯೆಲ್ಲ ಹಿಂದಿನ ಚಪ್ಪಲಿಯ ಸಪ್ಪಳದ ಮೇಲೆಯೇ ಇತ್ತು.

ಸಪ್ಪಳ ನಿಂತಿತು. ತಿರುಗಬಾರದು, ಅವರಿಗೂ ಗೊತ್ತಾಗಲಿ ಎಂದು ಮನಸ್ಸು ಹೇಳಿತು. ಮನಸ್ಸು ಹೇಳಿ ಮುಗಿಸುವ ಮೊದಲೇ ನಾನು ತಿರುಗಿದ್ದೆ.

ಅವರು ಗೋಡೆಗೆ ಒಂದು ಕೈ ಕೊಟ್ಟು ಚಪ್ಪಲಿಯೊಳಗಿನ ಹರಳು ಕೊಡವುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಚಪ್ಪಲಿ ಕೈಯಲ್ಲೇ ಉಳಿಯಿತು.

“ನೀ ತಿರುಗಿ ನೋಡ್ದಿ” ಎಂದರು.

“ಸಪ್ಪಳ ನಿಂತಿತ್ತಲ್ರಿ.”

ಅವರು ಒಂಟಿ ಕಾಲಿನಲ್ಲೇ ನಿಂತು ನನ್ನ ಕಾಲಿನ ಕಡೆ ನೋಡಿದರು.

“ನನಗ ನಿನ್ನ ಸಪ್ಪಳ ಗೊತ್ತಿಲ್ಲ” ಎಂದರು.

ಅವರು ಚಪ್ಪಲಿ ಮೆಟ್ಟಿಕೊಳ್ಳುವ ತನಕ ನಾನು ಅಲ್ಲೇ ನಿಂತಿದ್ದೆ.