ಏಳು ಗಂಡು ಬೇಡ ಅಂದ ಹುಡುಗಿ

ನಮ್ಮ ಕಡೆ ಗಂಡಿನವರು ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಹಿರಿಯರೊಬ್ಬರು, ‘ಹುಡ್ಗ ಹುಡ್ಗಿ ಒಂದೈದ್ ನಿಮ್ಸ ಮಾತಾಡ್ಕಳ್ಲಿ ಬುಡಿ’ ಎನ್ನುತ್ತಾರೆ. ಕೊತ್ತತ್ತಿಯ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಂತು, ಆ ಐದು ನಿಮಿಷದಲ್ಲಿ ಬಂದವರಿಗೆಲ್ಲ ಒಂದೇ ಮಾತು ಹೇಳಿದೆ: ‘ನಾನೊಬ್ರನ್ನ ಇಷ್ಟಪಟ್ಟಿದೀನಿ. ದಯವಿಟ್ಟು ನೀವೇ ಬ್ಯಾಡ ಅಂದ್ಬುಡಿ.’ ಪಾಪ, ಏಳು ಜನವೂ ಮರ್ಯಾದಸ್ಥರು. ಕಾರಣ ಬಾಯಿಬಿಡದೆ ಬೇಡ ಅಂದರು.

ಇಷ್ಟೆಲ್ಲ ಮದ್ದೂರಿನವನೊಬ್ಬನಿಗಾಗಿ. ಮಂಡ್ಯದಲ್ಲಿ ಬಿ.ಎಡ್. ಓದುವಾಗ ಸಿಕ್ಕವನು. ನಾನು ಮಳವಳ್ಳಿಯ ಶಾಲೆಯಲ್ಲಿ ಟೀಚರಾಗಿ ನಾಲ್ಕು ವರ್ಷವಾದರೂ ಅವನ ‘ಟೈಮ್ ನೋಡಿ ಅವ್ವಂಗೆ ಹೇಳ್ತೀನಿ ಕಣೆ’ ಮುಗಿಯಲಿಲ್ಲ. ಕಾಯುವುದೇ ಕೊಟ್ಟ ಮಾತಿಗೆ ನಡೆದುಕೊಳ್ಳುವ ರೀತಿ ಎಂದುಕೊಂಡಿದ್ದೆ. ದಡ್ಡಿ.

ಇತ್ತ ಮನೆಯಲ್ಲಿ ನನಗೆ ಏನೋ ದೋಷವಿದೆ ಎಂದಾಯಿತು. ಅವ್ವ ಶುಕ್ರವಾರ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದಳು, ಸೋಮವಾರ ಒಪ್ಪೊತ್ತು ಉಂಡಳು, ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಳು. ನಾನು ನೋಡಿಕೊಂಡು ಸುಮ್ಮನಿದ್ದೆ.

ಹೋದ ತಿಂಗಳು ಅವನು ಕೊನೆಗೂ ತನ್ನ ಮನೆಯಲ್ಲಿ ಬಾಯಿಬಿಟ್ಟ. ಅವರವ್ವ ನಮ್ಮೂರಲ್ಲಿ ವಿಚಾರಿಸಿದಳಂತೆ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡದೆ ಹೇಳಿದ: ‘ಏಳ್ ಗಂಡು ಬ್ಯಾಡ ಅಂದೋಗಿರೋ ಹುಡ್ಗಿಯಂತೆ, ಏನೋ ಐಬಿರ್ಬೇಕು ಅಂತಾವ್ಳೆ ಅವ್ವ.’

‘ಯಾಕ್ ಬ್ಯಾಡ ಅಂದ್ರು ಅಂತ ನಿಂಗೊತ್ತಲ್ಲ! ಹೇಳ್ಲಿಲ್ವಾ?’

‘ಅದ್ನೆಲ್ಲ ಹೇಳಿದ್ರೆ ಇನ್ನೂ ರಂಪ ಮಾಡ್ತಾಳೆ. ಅವ್ವನ್ ಮಾತು ಮೀರಕ್ಕಾಗಲ್ಲ. ಇಲ್ಗೇ ಬುಟ್ಬುಡಾನ ಕಣೆ.’

ಬಂದ ಬಸ್ಸು ಹತ್ತಿದೆ.

ಮನೆಯಲ್ಲಿ ಅವ್ವ ಗುಡಿಗೆ ಹೊರಡಲು ನಿಂಬೆಹಣ್ಣು ಹಿಂಡಿ, ಹೋಳುಗಳನ್ನು ದೀಪಕ್ಕೆ ಮಗುಚಿಡುತ್ತಿದ್ದಳು. ಪಕ್ಕದಲ್ಲಿ ಕುಳಿತು ಮದ್ದೂರಿನವನ ವಿಷಯ, ತಾರಸಿಯ ಮಾತು ಎರಡನ್ನೂ ಹೇಳಿಬಿಟ್ಟೆ. ‘ಆ ಏಳ್ ಜನದಲ್ಲಿ ಯಾರೂ ನನ್ನ ಬ್ಯಾಡ ಅಂದಿಲ್ಲ ಕಣವ್ವ. ನಾನೇ ಅನ್ಸಿದ್ದು.’

ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡಳು.

‘ಮತ್ತೆ ಆ ಮದ್ದೂರೋನು ಏನಂದ?’

‘ಬ್ಯಾಡ ಅಂದೋನು ಅವ್ನೊಬ್ನೇ ಕಣವ್ವ.’