ಯಾವಾಗಲೂ ತೆರೆದಿರುವ ಬಾಗಿಲು

ದೇವಬಾಗದಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸುವ ಗಣಪತಿ, ದಡ ಮುಟ್ಟಿದ ಮೇಲೆ ತಮ್ಮ ಮೊಬೈಲನ್ನು ನನ್ನ ಕೈಗಿತ್ತರು. ಹಿಂದೊಮ್ಮೆ ಅವರ ದೋಣಿ ಹತ್ತಿದ್ದ ಪುಣೆಯ ದಂಪತಿ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿದ್ದರು. ಕೊನೆಯ ಸಾಲು, ‘ಅವರ್ ಡೋರ್ಸ್ ಆರ್ ಆಲ್ವೇಸ್ ಓಪನ್ ಫಾರ್ ಯು.’

“ಮನೆಗೆ ಬನ್ನಿ ಅಂತ ಅಲ್ವಾ ಸರ್? ಮುಂದಿನ ತಿಂಗಳು ಮಗಳಿಗೆ ಅಲ್ಲಿ ನರ್ಸಿಂಗ್ ಕಾಲೇಜಿನ ಸಂದರ್ಶನ ಉಂಟು. ಇಬ್ರೂ ಅವ್ರ ಮನೇಲೇ ಉಳಿತೇವೆ.”

ಆ ಮಾತನ್ನು ಎಷ್ಟೋ ಇಂಗ್ಲಿಷ್ ಪತ್ರಗಳ ಕೊನೆಗೆ ಓದಿದ್ದೇನೆ. ಬರೆದವರು ಬಾಗಿಲಲ್ಲಿ ಕಾಯುತ್ತಿರುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ, ಮಗಳೆದುರು, ಇವರು ಮುಜುಗರಪಡುವುದು ನನಗೆ ಬೇಡವಾಗಿತ್ತು. “ಅದು ಉಪಚಾರದ ಮಾತು. ಬರಬಹುದಾ ಅಂತ ಮೊದಲು ಕೇಳಿ,” ಎಂದೆ.

“ಕರೆದವ್ರನ್ನ ಮತ್ತೆ ಕೇಳುದಾ? ಅವ್ರ ಮಾತು ನಂಬ್ಲಿಲ್ಲ ಅಂದ ಹಾಗೆ ಆಗ್ತದಲ್ಲ ಮಾರಾಯ್ರೆ!”

ಕೇಳುವುದು ಬೇಡ, ಬರುವ ದಿನ ತಿಳಿಸಿದರೆ ಸಾಕು ಎಂದು ಒಪ್ಪಿಸಿ, ನಾನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಚಪ್ಪಲಿಯ ಮರಳು ಕೊಡವುತ್ತಿರುವಾಗಲೇ ಉತ್ತರ ಬಂತು. ಯಾವ ಬಸ್ಸಿಗೆ ಬರುತ್ತೀರಿ, ಕರೆದುಕೊಂಡು ಹೋಗಲು ಬರುತ್ತೇವೆ. ಮಗಳಿಗೆ ನಮ್ಮ ಮನೆಯ ಖಾರ ಆಗುತ್ತದೆಯೇ?

ಓದಿ ಹೇಳಿದೆ. ಗಣಪತಿ ತಲೆಯಾಡಿಸಿದರು, ಅಷ್ಟೆ. ನಾನು ತುಸು ಪೆಚ್ಚಾಗಿ, ಹೊರಡುವಾಗ ಎಲ್ಲರಿಗೂ ಹೇಳುವಂತೆ, “ಅಂಕೋಲೆ ಕಡೆ ಬಂದರೆ ಮನೆಗೆ ಬನ್ನಿ,” ಎಂದೆ.

“ಈ ರವಿವಾರ ಇರ್ತೀರಲ್ಲ?”

ಇರುತ್ತೇನೆ ಎಂದೆ. ಹೆಂಡತಿಗೆ ಇದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ.