ಮಾಳಿಗೆಯ ಮಣ್ಣು

ನರಗುಂದದ ನಮ್ಮ ಮನೆಯ ಗೋಡೆಗಳು ಎರಡು ಮೊಳ ದಪ್ಪ, ಕಲ್ಲು ಮಣ್ಣಿನವು. ಬೇಸಿಗೆಯಲ್ಲಿ ಎಷ್ಟು ತಂಪು ಎಂದು ಬಂದವರೆಲ್ಲ ಹೊಗಳುತ್ತಾರೆ. ಹೊಗಳುವವರು ಶ್ರಾವಣದಲ್ಲಿ ಬಂದು ನಮ್ಮ ನಡುಮನೆಯಲ್ಲಿ ನಾಲ್ಕು ದಿನ ಮಲಗಬೇಕು. ನೆಲದಿಂದ ಸೊಂಟದ ಮಟ್ಟದವರೆಗೆ ಗೋಡೆ ಹಸಿ. ಅದರ ಮೇಲೆ ಬಿಳಿ ಉಪ್ಪು ಏಳುತ್ತದೆ. ಬೆಳಿಗ್ಗೆ ಗುಡಿಸಿ ಚೆಲ್ಲಿದರೆ ವಾರ ತುಂಬುವುದರೊಳಗೆ ಮತ್ತೆ ಹಾಜರ್. ಕರೆಯದೆ ಬರುವ ನೆಂಟರು ಕೂಡ ಇಷ್ಟು ನಿಯತ್ತಿನವರಲ್ಲ.

ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ. ಅವಳು ಬಸುರಿ ಎಂದು ಫೋನ್ ಬಂದ ದಿನ, ದೇವರಿಗೆ ದೀಪ ಹಚ್ಚುವುದಕ್ಕೂ ಮೊದಲು ನಾನು ನೋಡಿದ್ದು ಆ ಗೋಡೆಯನ್ನು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದು ನಮ್ಮಲ್ಲಿ ಕೇಳಿ ಮಾಡುವ ಮಾತಲ್ಲ. ಬಾಣಂತಿಗೆ ಗಾಳಿಯಾಡದ ಬೆಚ್ಚನೆಯ ಕೋಣೆ ಬೇಕು. ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಎಂದರೆ ಆ ನಡುಮನೆ ಒಂದೇ.

ನಮ್ಮ ಮನೆಯವರು ಹುರುಪಿನಿಂದ ಸಿಮೆಂಟ್ ಮೆತ್ತಿಸಿ ಗಿಲಾಯಿ ಮಾಡಿಸಿದರು. ತಿಂಗಳೊಳಗೆ ಹಸಿ ಸೊಂಟದಿಂದ ಹೆಗಲಿಗೇರಿತು. ಅದರ ಮೇಲೆ ಅಂಗಡಿಯವನು ಆಣೆ ಮಾಡಿ ಕೊಟ್ಟ ಬಣ್ಣ ಬಳಿಸಿದರು. ಅದು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದು ಉದುರಿತು. ನಾನು ಕುಳ್ಳಿನ ಬೆಂಕಿ ಹಾಕಿ ಕುಂಪಟಿ ಇಟ್ಟೆ, ದಿನವಿಡೀ ಫ್ಯಾನ್ ಹಚ್ಚಿದೆ. ಎಲ್ಲ ನೀರಿನಲ್ಲಿ ಹೋಮ.

ಕಡೆಗೆ ಗೌಂಡಿಯನ್ನು ಕರೆಸಿ ಗೋಡೆಯ ಬುಡದಲ್ಲಿದ್ದ ಚಪ್ಪಡಿ ಎಬ್ಬಿಸಿದೆವು. ಅದರ ಕೆಳಗೆ ಹಗೇವು, ಅಂದರೆ ಮಾವನವರ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಆಳವಾದ ಕುಣಿ. ಕಾಲುವೆ ಬಂದು ಊರಿನ ನೆಲದಲ್ಲಿ ನೀರು ಮೇಲೆದ್ದ ಮೇಲೆ ಅದರಲ್ಲಿ ಕಾಳು ನಿಲ್ಲಲಿಲ್ಲ, ಚಪ್ಪಡಿ ಹಾಕಿ ಮುಚ್ಚಿಬಿಟ್ಟಿದ್ದರು. ಒಳಗಿನ ಮಣ್ಣನ್ನು ಹಿಡಿಯಲ್ಲಿ ತೆಗೆದು ನೋಡಿದೆ. ಬೂದು ಬಣ್ಣ, ಜಿಗಟು, ನಡುನಡುವೆ ಉಪ್ಪಿನ ಬಿಳುಪು. ಈ ಮಣ್ಣಿನ ಗುರುತು ನನಗೆ ಚೆನ್ನಾಗಿತ್ತು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಬುಟ್ಟಿಯಲ್ಲಿ ಹೊತ್ತು ಮಾಳಿಗೆಯ ಮಣ್ಣಿನ ಚಾವಣಿಯ ಮೇಲೆ ಹಾಸಿ, ಬರಿಗಾಲಿನಲ್ಲಿ ತುಳಿದ ಸವಳು ಮಣ್ಣು ಅದು. ಅದನ್ನು ಹಾಸಿದರೆ ಮಾಳಿಗೆ ಸೋರುತ್ತಿರಲಿಲ್ಲ.

"ಇದು ಮಾಳಿಗಿ ಮಣ್ಣಲ್ಲೇನ್ರಿ?" ಎಂದೆ.

"ಹೌದು," ಎಂದರು ನಮ್ಮ ಮನೆಯವರು. "ಸ್ಲ್ಯಾಬ್ ಹಾಕ್ಸಿದಾಗ ಮ್ಯಾಲಿಂದು ಕೆಳಗ ಇಳಿಸಿದ್ವಿ. ಎಲ್ಲಿ ಚೆಲ್ಲೂದು ಅಂತ ಹಗೇವಿಗೇ ತುಂಬಿದ್ವಿ. ಎರಡೂ ಕೆಲಸ ಒಮ್ಮೆಲೇ ಆತು ಅಂತ ಖುಷಿ ಆಗಿತ್ತು ನೋಡು."

ತಲೆಯ ಮೇಲಿದ್ದಾಗ ನೀರು ತಡೆದ ಮಣ್ಣು, ಕಾಲ ಕೆಳಗೆ ಬಂದು ನೀರು ಹೀರಿ ಗೋಡೆಗೆ ಉಪ್ಪು ಉಣಿಸುತ್ತಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಮಾಡುವುದು?

"ಎಲ್ಲಾ ತಗದು ಹಾಕಪ್ಪಾ," ಎಂದೆ ಗೌಂಡಿಗೆ.

"ತಗದ್ರ ಗ್ವಾಡಿ ಒಳಗ ಕುಂದರತೈತ್ರೀ ಅಕ್ಕಾರ. ಅದರ ಬುನಾದಿ ಈ ಕುಣಿ ದಂಡಿಮ್ಯಾಲೆ ನಿಂತೈತಿ."

ಚಪ್ಪಡಿಯನ್ನು ಮತ್ತೆ ಮುಚ್ಚಿಸಿದೆವು.

ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತು ಮಾಡಲು ಬೀಗತಿ ಬಂದರು. ನಡುಮನೆಯಲ್ಲಿ ಚಹಾ ಕುಡಿದು ಏಳುವಾಗ ಆಸರೆಗೆಂದು ಗೋಡೆಗೆ ಕೈ ಹಚ್ಚಿದರು. ಆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ತಪ್ಪು ತಿಳಕೋಬ್ಯಾಡ್ರೀ ಅಕ್ಕಾರ. ಬಾಣಂತನ ನಮ್ಮಲ್ಲೇ ಆಗ್ಲಿ. ನೀವೂ ಬಂದು ಇರ್ರಿ. ಕೂಸಿಗೆ ಥಂಡಿ ಹತ್ತಿದ್ರ ಹ್ಯಾಂಗ?"

ಆಕೆ ಕೊಂಕು ನುಡಿದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ, ಬಾಯಿಗೆ ನಾನೇನೂ ಕಡಿಮೆಯವಳಲ್ಲ. ಆದರೆ ಆಕೆ ಹೇಳಿದ್ದು ಖರೇ ಇತ್ತು. "ಆತ್ರಿ" ಎಂದೆ. ಆ ಸಂಜೆ ಅಡುಗೆ ಮನೆಯಲ್ಲಿ ಕುಳಿತು ಹೊಟ್ಟೆ ತುಂಬ ಅತ್ತೆ.

ಗಜೇಂದ್ರಗಡದಲ್ಲಿ ಮಗಳಿಗೆ ಹೆಣ್ಣು ಕೂಸಾಯಿತು. ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿಕೊಂಡು, ಹಳೆಯ ಸೀರೆಗಳಲ್ಲಿ ಹೊಲಿದ ಕೌದಿಯೊಂದನ್ನು ಹಿಡಿದುಕೊಂಡು ಹೋದೆ. ಅವರ ಮನೆ ಬಂಡೆಯ ಮೇಲಿದೆ, ಗೋಡೆ ಒಣಗಿ ಗರಗರ ಅನ್ನುತ್ತದೆ. ಬೀಗತಿ ಕೌದಿ ಬಿಡಿಸಿದರು. ನಮ್ಮ ನಡುಮನೆಯ ವಾಸನೆ ಕೋಣೆಗೆಲ್ಲ ಹರಡಿತು. "ಒಂದೀಟು ಬಿಸಿಲಿಗೆ ಹಾಕತೀನ್ರಿ" ಎಂದು ಮೇಲೆ ಒಯ್ದರು. ನಾನು ಅಲ್ಲಿದ್ದಷ್ಟು ದಿನವೂ ಅದು ಅಲ್ಲೇ ಬಿಸಿಲಿನಲ್ಲಿತ್ತು.

ಹೊರಡುವ ದಿನ ಮಗಳು ಕೂಸನ್ನು ನನ್ನ ಮಡಿಲಿಗೆ ಹಾಕಿ ಕೇಳಿದಳು: "ಅವ್ವಾ, ಇಕಿನ್ನ ಯಾವಾಗ ಮನಿಗಿ ಕರಕೊಂಡು ಬರ್ಲಿ?"

"ಗ್ವಾಡಿ ಒಣಗಲಿ, ಬರುವಂತಿ," ಎಂದೆ.

ಅವಳು ಆ ಗೋಡೆಯ ಪಕ್ಕದಲ್ಲೇ ಮಲಗಿ ಬೆಳೆದವಳು. ಮತ್ತೆ ಕೇಳಲಿಲ್ಲ.